ಅಪ್‌ಡೇಟ್: ಗಣಿ ವೆಬ್‌ಸೈಟಿಗೆ ಯುರೋಪಿನಲ್ಲಿ ಖಾತೆ, ಕೊನೆಗೆ ಏನಾಯ್ತು

ಸಂಡೂರಿನ ಗಣಿಗಾರಿಕೆ ಬಗ್ಗೆ ಬರೆಯೋ ವೆಬ್‌ಸೈಟಿಗೆ ಯುರೋಪಿನ ಓದುಗರ ಚಂದಾ ಪಡೆಯೋಕೆ ಯಾವ ದೇಶದ ಬ್ಯಾಂಕ್ ಒಳ್ಳೇದು ಅಂತ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಶರಣು.

ಸ್ವಿಟ್ಜರ್ಲೆಂಡ್ ಬಿಟ್ಟೆವು. 2019ರಿಂದ ಅಲ್ಲಿನ ಖಾತೆ ವಿವರ ನಮ್ಮ ತೆರಿಗೆ ಇಲಾಖೆಗೆ ತಾನಾಗೇ ಬರುತ್ತೆ. ಸ್ವಿಸ್ ಬ್ಯಾಂಕಿನ ಗುಟ್ಟಿನ ಮಾತು ಹಳೇದಾಯ್ತು. ಎಸ್ಟೋನಿಯಾದ ಇ-ರೆಸಿಡೆನ್ಸಿಯಿಂದ (ಹೊರದೇಶದವರಿಗೆ ಆ ಸರ್ಕಾರ ಕೊಡೋ ಡಿಜಿಟಲ್ ಗುರುತು) ಕಂಪನಿ ತೆರೆಯಬಹುದು, ಆದರೆ ಬ್ಯಾಂಕ್ ಖಾತೆ ಕೊಡಲೇಬೇಕು ಅಂತಿಲ್ಲ, ಆ ದೇಶದ ಜೊತೆ ವ್ಯವಹಾರದ ನಂಟು ಕೇಳ್ತಾರೆ. ಐರೋಪ್ಯ ಒಕ್ಕೂಟದ ಬೇಸಿಕ್ ಖಾತೆ (ಸಾಮಾನ್ಯ ಬ್ಯಾಂಕ್ ಖಾತೆ) ಪಡೆಯೋ ಹಕ್ಕು ಅಲ್ಲಿ ಕಾನೂನುಬದ್ಧವಾಗಿ ವಾಸಿಸೋ ವ್ಯಕ್ತಿಗಳಿಗೆ, ಸಂಸ್ಥೆಗಳಿಗಲ್ಲ.

ಗೊತ್ತಿರದಿದ್ದ ಸಂಗತಿ ಐಸ್‌ಲೆಂಡ್‌ದು. ಗುಟ್ಟಿನ ಸರ್ಕಾರಿ ದಾಖಲೆ ಹೊರಹಾಕೋ ವಿಕಿಲೀಕ್ಸ್‌ಗೆ ಬರುತ್ತಿದ್ದ ದೇಣಿಗೆ ತಡೆದ ಕಾರ್ಡ್ ಪಾವತಿ ಸಂಸ್ಥೆಗೆ, ಮತ್ತೆ ಶುರು ಮಾಡು ಅಂತ 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ಅಂದ್ರೆ ಹಣದ ಹರಿವಿಗೆ ಉಸಿರು ಕಟ್ಟೋದು ಬ್ಯಾಂಕಿಗಿಂತ ಹೆಚ್ಚಾಗಿ ಕಾರ್ಡಿನ ಹಾದಿಯಲ್ಲಿ.

ಫಲಿಸಿದ್ದು "ದೇಶ ಹುಡುಕೋದು ಬಿಡ್ರಿ, ಬಳ್ಳಾರಿ ಕರೆಂಟ್ ಖಾತೆಗೇ ಸ್ವಿಫ್ಟ್‌ನಲ್ಲಿ ತರಿಸ್ರಿ" ಅನ್ನೋ ಸಲಹೆ. ಸ್ವಿಫ್ಟ್ ಅಂದ್ರೆ ದೇಶ-ದೇಶಗಳ ಬ್ಯಾಂಕುಗಳ ನಡುವೆ ಹಣ ರವಾನೆಗೆ ಬಳಸೋ ಸಂದೇಶ ಜಾಲ. ಪ್ರತಿ ಚಂದಾಕ್ಕೂ ಇನ್‌ವಾಯ್ಸ್ ಮಾಡಿ, ಬ್ಯಾಂಕಿಗೆ ಸರಿಯಾದ ಪರ್ಪಸ್ ಕೋಡ್ (ಹಣ ಯಾತಕ್ಕೆ ಬಂತು ಅಂತ ಹೇಳೋ ಸಂಕೇತ) ಕೊಟ್ಟು, ಹಣ ಬಂದದ್ದಕ್ಕೆ ಪತ್ರ ತಗೊಳ್ಳಿ. ತಿಂಗಳ ಚಂದಾ ಬೇಡ, ಮಧ್ಯದ ಬ್ಯಾಂಕುಗಳ ಶುಲ್ಕವೇ ತಿಂದುಹಾಕುತ್ತೆ. ವರ್ಷದ್ದು ಒಟ್ಟಿಗೆ ತರಿಸಿ. ದೇಣಿಗೆ ಅಂತ ಬಂದ ವಿದೇಶಿ ಹಣ ಮಾತ್ರ ಮುಟ್ಟಬೇಡಿ, ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಿಸೋ ಎಫ್‌ಸಿಆರ್‌ಎ ಕಾಯ್ದೆ ಬೇರೆಯೇ ಇದೆ.