ಅವ್ವನ ಆರು ಸೀರೆ, ಒಂದು ಕೌದಿ: ಕತ್ತರಿ ಎಲ್ಲಿ ಹಾಕಲಿ?

ಗುಳೇದಗುಡ್ಡದ ಗುಮಾಸ್ತ (ರಾಜಾಜಿನಗರ)

ನಮಸ್ಕಾರ. ನನಗೆ ವಯಸ್ಸು 53. ಅಂಗಿಗೆ ಗುಂಡಿ ಹಚ್ಚುವುದನ್ನು ಬಿಟ್ಟರೆ ಸೂಜಿಯೊಂದಿಗೆ ನನಗೆ ವ್ಯವಹಾರವಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವನು. ಪ್ರಶ್ನೆ ಬಾಲಿಶ ಎನಿಸಿದರೆ ನಗಬಹುದು, ಆದರೆ ನಕ್ಕ ಮೇಲೆ ಉತ್ತರವನ್ನೂ ಕೊಡಿ.

ಹೋದ ವರ್ಷ ಅವ್ವ ತೀರಿಕೊಂಡಳು. ವರ್ಷದ ತಿಥಿ ಮುಗಿದ ಮೇಲೆ ಅಕ್ಕಂದಿರಿಬ್ಬರೂ ಟ್ರಂಕು ತೆರೆದು, ಪೂರ್ತಿ ರೇಷ್ಮೆಯವನ್ನು ತಾವು ಹಂಚಿಕೊಂಡು, ಉಟ್ಟು ಒಗೆದು ಮೆತ್ತಗಾಗಿದ್ದ ಏಳು ಇಳಕಲ್ ಸೀರೆಗಳನ್ನು ‘ನೀನು ಒಯ್ಯಿ, ಒರೆಸಲಿಕ್ಕಾದರೂ ಆಗುತ್ತವೆ’ ಎಂದು ನನ್ನ ಚೀಲಕ್ಕೆ ತುಂಬಿದರು. ಒರೆಸಲಿಕ್ಕೆ! ಎಂಟು ಗಜದ ಸೀರೆಗಳು. ನೂಲಿನ ಒಡಲು, ಕೆಂಪು ರೇಷ್ಮೆಯ ಸೆರಗು, ಅದರಲ್ಲಿ ಬಿಳಿಯ ತೋಪುತೆನೆಯ ಚಿತ್ತಾರ. ಒಂದು ಕಪ್ಪು ಬಣ್ಣದ ಚಂದ್ರಕಾಳಿ, ಎರಡು ದಾಳಿಂಬೆ ಬಣ್ಣದವು, ಉಳಿದವುಗಳ ಬಣ್ಣಕ್ಕೆ ನನ್ನ ಬಳಿ ಹೆಸರಿಲ್ಲ. ಜೊತೆಗೆ ಅವಳ ಖಣದ ಕುಪ್ಪಸಗಳದೊಂದು ಗಂಟು.

ನಮ್ಮೂರಿನಲ್ಲಿ ಮಹಾನವಮಿಗೆ ಮುಂಚೆ, ಹಳೆಯ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿದ ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುತ್ತಿದ್ದರು. ನೆನೆದ ಕೌದಿಯ ಒಂದು ತುದಿ ಅವ್ವ ಹಿಡಿದರೆ ಇನ್ನೊಂದು ತುದಿ ನಾನು. ಹಿಂಡುವಾಗ ಅವಳು ತಿರುವಿದ ರಭಸಕ್ಕೆ ನಾನು ನೀರಿಗೆ ಬೀಳುತ್ತಿದ್ದೆ. ಅಂಥದ್ದೊಂದು ಕೌದಿ ಬೇಕು.

ಏಳು ಸೀರೆ ಆರು ಆದದ್ದು ಹೀಗೆ. ಬಡಾವಣೆಯ ಹೊಲಿಗೆ ಅಂಗಡಿಯೊಂದಕ್ಕೆ ಒಂದು ಸೀರೆ ಕೊಟ್ಟು ಕೌದಿ ಎಂದರೇನೆಂದು ಅರ್ಧ ಗಂಟೆ ವಿವರಿಸಿದೆ. ‘ಆಗುತ್ತದೆ ಬಿಡಿ ಸಾರ್’ ಎಂದರು. ಇಪ್ಪತ್ತು ದಿನಗಳ ಮೇಲೆ ಬಂದದ್ದು ಒಳಗೆ ಪಾಲಿಯೆಸ್ಟರ್ ಹಿಂಜು ತುಂಬಿದ, ಹೋಟೆಲ್ ಕೋಣೆಯಲ್ಲಿರುವಂಥ ಉಬ್ಬು ಹೊದಿಕೆ. ದಡಿ ಎಲ್ಲಿ ಎಂದು ಕೇಳಿದೆ. ‘ಸಮ ಬರಲಿಲ್ಲ, ಕತ್ತರಿಸಿ ತೆಗೆದೆವು.’ ತುಂಡುಗಳಾದರೂ ಕೊಡಿ ಎಂದರೆ ಕಸದ ಗಾಡಿಗೆ ಹೋಗಿತ್ತು. 1,800 ರೂಪಾಯಿ ಎಣಿಸಿ ಕೊಟ್ಟು ಬಂದೆ. ಅಂದಿನಿಂದ ಉಳಿದ ಆರನ್ನು ಯಾರ ಕೈಗೂ ಕೊಡಲು ಮನಸ್ಸಿಲ್ಲ. ನಾನೇ ಹೊಲಿಯುತ್ತೇನೆ.

ಆದರೆ ಮೂರು ಭಾನುವಾರಗಳಿಂದ ಕತ್ತರಿ ಹಿಡಿದು ಕುಳಿತು, ಎದ್ದು, ಕಾಫಿ ಕುಡಿದು, ಕತ್ತರಿಯನ್ನು ಒಳಗಿಟ್ಟಿದ್ದೇನೆ. ನನಗೆ ಗೊತ್ತಾಗಬೇಕಾದದ್ದು ಇಷ್ಟು. ಮಂಚದ ಅಳತೆಯ ಕೌದಿಗೆ ಎಷ್ಟು ಸೀರೆ ಬೇಕು? ರೇಷ್ಮೆಯ ಸೆರಗನ್ನು ಸೇರಿಸಬಹುದೇ? ಮನೆಯಲ್ಲಿ ಹೆಂಡತಿಯ ಹಳೆಯ ಉಷಾ ಕಾಲ್ಮಷಿನ್ ಇದೆ (ಸದ್ಯಕ್ಕೆ ಅದರ ಮೇಲೆ ಮೀನಿನ ತೊಟ್ಟಿ ಇದೆ), ಅದರಲ್ಲಿ ಆಗುತ್ತದೆಯೇ, ಕೈಯಲ್ಲೇ ಹೊಲಿಯಬೇಕೇ? ಇನ್ನೊಂದು: ನಮ್ಮ ನಡುಮನೆ ಹತ್ತು ಅಡಿಗೆ ಹನ್ನೆರಡು ಅಡಿ. ಸೋಫಾ ಕಳೆದರೆ ನೆಲವೇ ಉಳಿಯುವುದಿಲ್ಲ. ಎಲ್ಲಿ ಹಾಸಲಿ?

ಮುರಗಿ ಗಾವಂಟಿ (ಬನಶಂಕರಿ)

ಕತ್ತರಿ ಒಳಗಿಟ್ಟದ್ದೇ ಒಳ್ಳೆಯದಾಯಿತು. ಕೌದಿಯ ಬಟ್ಟೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತಾರೆ. ನೂಲಿನ ಒಡಲು ಎಳೆ ಹಿಡಿದು ಹರಿಯುತ್ತದೆ, ಗೆರೆ ಎಳೆದಂತೆ ನೇರವಾಗಿ. ದಡಿ ಮಾತ್ರ ಒತ್ತಾಗಿ ನೇಯ್ದದ್ದು, ಹರಿಯಲು ಒಪ್ಪುವುದಿಲ್ಲ. ಅಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕಿ ಮುಂದಿನದನ್ನು ಎರಡೂ ಕೈಯಿಂದ ಎಳೆಯಿರಿ. ಮೊದಲ ಸಲ ಆ ಸದ್ದಿಗೆ ಎದೆ ಝಲ್ ಎನ್ನುತ್ತದೆ. ಎರಡನೆಯ ಸಲ ಎನ್ನುವುದಿಲ್ಲ.

ಅದಕ್ಕೂ ಮುಂಚೆ ಎಲ್ಲವನ್ನೂ ಒಗೆಯಿರಿ. ಟ್ರಂಕಿನಲ್ಲಿದ್ದವು ಎಂದಿರಿ, ನುಸಿಗುಳಿಗೆಯ ವಾಸನೆ ಹೊಲಿದ ಮೇಲೆ ಹೋಗುವುದು ಕಷ್ಟ. ಚಂದ್ರಕಾಳಿಯನ್ನು ಬೇರೆಯಾಗಿ ಒಗೆಯಿರಿ. ಒದ್ದೆಯಿರುವಾಗಲೇ ಬಿಳಿ ಬಟ್ಟೆಯಿಂದ ಒತ್ತಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಇನ್ನೆರಡು ಸಲ ಒಗೆಯಿರಿ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಯಾರಾದರೂ ಹೇಳುತ್ತಾರೆ, ನಂಬಬೇಡಿ. ನಾನು ನಂಬಿ ಒಂದು ಹಳದಿ ಸೀರೆಯನ್ನು ಕಂದು ಮಾಡಿಕೊಂಡಿದ್ದೇನೆ.

ಲೆಕ್ಕ ನಿಮಗೇ ಚೆನ್ನಾಗಿ ಬರುತ್ತದೆ. ಎಂಟು ಗಜವೆಂದರೆ ಸುಮಾರು 7.3 ಮೀಟರು, ಅಗಲ 45 ಅಂಗುಲದ ಆಸುಪಾಸು. ಒಬ್ಬರು ಹೊದೆಯುವ ಕೌದಿ ಒಂದೂವರೆ ಮೀಟರು ಅಗಲ, 2.1 ಮೀಟರು ಉದ್ದ ಇರಲಿ. ನಾಲ್ಕು ಪದರ ಸಾಕು. ಸವೆದ ಭಾಗ ಕಳೆದರೂ ಎರಡು ಸೀರೆಗಳಲ್ಲಿ ಮುಗಿಯುತ್ತದೆ. ಆರನ್ನೂ ಒಂದೇ ಕೌದಿಗೆ ಹಾಕಿದರೆ ಹನ್ನೆರಡು ಪದರವಾಗಿ ಸೂಜಿಯೂ ಇಳಿಯುವುದಿಲ್ಲ, ಹೊದ್ದವರಿಗೆ ಮಗ್ಗುಲು ಬದಲಿಸಲೂ ಆಗುವುದಿಲ್ಲ. ತೀರ ಸವೆದ ಎರಡನ್ನು ಒಳಪದರಕ್ಕೆ ಕೊಡಿ. ಗಟ್ಟಿ ಇರುವವುಗಳಿಂದ ಮೇಲಿನದು, ಕೆಳಗಿನದು. ಉಳಿದರೆ ಅಕ್ಕಂದಿರಿಗೆ ಒಂದೊಂದು ಹೊಲಿದು ಕೊಡಿ, ಒರೆಸಿಕೊಳ್ಳಲಿ.

ಇನ್ನು ಸೆರಗು. ಇಳಕಲ್ ಸೀರೆಯ ಒಡಲಿನ ಹಾಸು (ಉದ್ದಕ್ಕೆ ಓಡುವ ಎಳೆ) ನೂಲು, ಸೆರಗಿನ ಹಾಸು ರೇಷ್ಮೆ. ಇವೆರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡುಗೆರೆಯ ಮೇಲೆಯೇ ಹರಿದರೆ ಕೊಂಡಿಗಳು ಬಿಟ್ಟುಕೊಳ್ಳುತ್ತವೆ. ಗೆರೆಯಿಂದ ಒಡಲಿನ ಕಡೆಗೆ ಅಂಗೈಯಗಲ ಬಿಟ್ಟು ಹರಿಯಿರಿ. ಆಮೇಲೆ ಸೆರಗನ್ನು ಕಿಟಕಿಗೆ ಹಿಡಿದು ಮಡಿಕೆಯ ಗುರುತುಗಳನ್ನು ನೋಡಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದ ರೇಷ್ಮೆ ಅಲ್ಲಿಯೇ ಸೀಳುತ್ತದೆ. ಸೀಳು ಕಂಡರೆ ಅದರ ಬೆನ್ನಿಗೆ ಮೃದುವಾದ ನೂಲಿನ ಬಟ್ಟೆ ಕೊಟ್ಟು, ಕೌದಿಯ ನಡುವೆ ಇಡೀ ತುಂಡಾಗಿ ಇಡಿ. ಅಂಚಿಗೆ ಬೇಡ. ಅಂಚು ಕೈ, ಕಾಲು, ಗಲ್ಲ ಎಲ್ಲಕ್ಕೂ ಉಜ್ಜುತ್ತದೆ.

ಹೊಲಿಗೆ ಕೈಯದೇ ಇರಲಿ. ಅಂಚಿನಿಂದ ಸುತ್ತು ಬರುತ್ತ ಒಳಕ್ಕೆ ಹೋಗಿ. ನಮ್ಮ ಅಜ್ಜಿ ಕೊನೆಯ ಚೌಕವನ್ನು ಮುಚ್ಚುವ ಮುಂಚೆ ಚೂರು ರೊಟ್ಟಿಯನ್ನು ಒಳಗಿಡುತ್ತಿದ್ದಳು. ಕೌದಿ ಹಸಿದಿರಬಾರದಂತೆ.

ಕಬ್ಬನ್‌ಪೇಟೆ ದರ್ಜಿ

ರೊಟ್ಟಿ ಇಡಬೇಡಿ. ಬೆಂಗಳೂರಿನ ಇರುವೆಗಳಿಗೆ ನಿಮ್ಮ ಅಜ್ಜಿಯ ಪರಿಚಯವಿಲ್ಲ.

ನಾನು 41 ವರ್ಷ ಮಷಿನ್ ತುಳಿದವನು. ನಮ್ಮ ಕಡೆ ಇದಕ್ಕೆ ಬೊಂತೆ ಎನ್ನುತ್ತಾರೆ. ಮಷಿನ್ನಿನಲ್ಲಿ ಆಗುವುದಿಲ್ಲ ಎಂಬುದು ಸುಳ್ಳು, ಆದರೆ ಹೊಸಬರ ಕೈಯಲ್ಲಿ ಏಕೆ ಕೆಡುತ್ತದೆ ಎಂದು ಹೇಳುತ್ತೇನೆ. ಕೆಳಗಿನ ಹಲ್ಲು ಅಡಿಯ ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತದೆ. ಮೇಲಿನ ಪಾದ ಮೇಲಿನ ಬಟ್ಟೆಯನ್ನು ಒತ್ತಿ ತಡೆಯುತ್ತದೆ. ನಾಲ್ಕು ಪದರವಿದ್ದಾಗ ಸಾಲು ಮುಗಿಯುವಷ್ಟರಲ್ಲಿ ಮೇಲಿನದು ಎರಡು ಬೆರಳು ಮುಂದೆ ಬಂದು ಗುಡ್ಡೆಯಾಗುತ್ತದೆ. ತಪ್ಪಿಸಬೇಕಾದರೆ ಗೇಣಿಗೊಂದು ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು, ಪಾದದ ಒತ್ತಡವನ್ನು ಸಡಿಲಿಸಬೇಕು, 16ನೇ ನಂಬರಿನ ಸೂಜಿ ಹಾಕಬೇಕು, ಹೊಲಿಗೆಯನ್ನು ಉದ್ದಕ್ಕೆ ಬಿಡಬೇಕು. ಇಷ್ಟೆಲ್ಲ ಮಾಡುವುದಕ್ಕಿಂತ ಮೀನು ಅಲ್ಲಿಯೇ ಇರಲಿ.

ದಾರ ಮಾತ್ರ ಪಾಲಿಯೆಸ್ಟರ್ ಬೇಡ. ಬಟ್ಟೆ ಹಳೆಯದು, ದಾರ ಅದಕ್ಕಿಂತ ಗಟ್ಟಿಯಾದರೆ ಎಳೆದಾಗ ಹರಿಯುವುದು ದಾರವಲ್ಲ, ಬಟ್ಟೆ. ರಾಜಾಜಿನಗರದಿಂದ ಮೆಟ್ರೊ ಹತ್ತಿದರೆ ಐದನೆಯ ನಿಲ್ದಾಣ ಚಿಕ್ಕಪೇಟೆ, ಅಲ್ಲಿಂದ ಅವೆನ್ಯೂ ರಸ್ತೆಯ ಕಡೆ ನಡೆಯಿರಿ. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಅಂಗಡಿಯವನು ‘ಹತ್ತಿ’ ಎಂದರೆ ಒಂದು ಎಳೆಯನ್ನು ಹೊರಗೆ ಬಂದು ಸುಟ್ಟು ನೋಡಿ. ಬೂದಿಯಾದರೆ ಹತ್ತಿ, ತುದಿಯಲ್ಲಿ ಕರಗಿ ಮಣಿ ಕಟ್ಟಿದರೆ ಅಲ್ಲ. ಜೇನುಮೇಣದ ಒಂದು ತುಂಡನ್ನೂ ತನ್ನಿ, ದಾರವನ್ನು ಅದರ ಮೇಲೆ ಎಳೆದುಕೊಂಡರೆ ಗಂಟು ಬೀಳುವುದು ಕಡಿಮೆ. ಬೆರಳಿಗೆ ಟೋಪಿ ತೆಗೆದುಕೊಳ್ಳಿ, ಹತ್ತು ರೂಪಾಯಿ ಉಳಿಸಲು ಹೋಗಬೇಡಿ.

ಅಂಚಿನಿಂದ ಒಳಕ್ಕೆ ಎಂದಿದ್ದಾರೆ. ನಾನಾದರೆ ನಡುವಿನಿಂದ ಹೊರಕ್ಕೆ ಹೋಗುತ್ತೇನೆ. ಹೊರಕ್ಕೆ ಹೋದರೆ ಸುಕ್ಕು ಅಂಚಿನಲ್ಲಿ ಬಿಟ್ಟುಹೋಗುತ್ತದೆ, ಒಳಕ್ಕೆ ಬಂದರೆ ಎಲ್ಲ ಸುಕ್ಕೂ ಹೊಟ್ಟೆಯಲ್ಲಿ ಸೇರುತ್ತದೆ.

ಮುರಗಿ ಗಾವಂಟಿ

ಸುಕ್ಕು ಸೇರುವುದು ಬಟ್ಟೆಯನ್ನು ಬಿಗಿಯಾಗಿ ಹಾಸದವರ ಕೌದಿಯಲ್ಲಿ, ದರ್ಜಿಗಳೇ.

ಹಸಿರು ದಾರ (ಮಲ್ಲೇಶ್ವರ)

ಅಷ್ಟು ಹಳೆಯ ಸೆರಗನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಲ್ಲವೇ? ಉಳಿದದ್ದಕ್ಕೆ ದಿಂಬಿನ ಚೀಲ ಹೊಲಿಸಿದರೆ ಕೆಲಸವೂ ಸುಲಭ.

ಯಲ್ಲಾಪುರದವಳು (ಹೆಬ್ಬಾಳ)

ನಮ್ಮ ಉತ್ತರ ಕನ್ನಡದಲ್ಲಿ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯನ್ನು ನೋಡಿದ್ದೀರಾ? ಅವರು ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಅಡಿಯ ಸೀರೆಯನ್ನು ಹಾಸಿ, ಒಂದು ಮೂಲೆಯಲ್ಲಿ ಶುರು ಮಾಡಿ, ಕೈಗೆ ಸಿಕ್ಕ ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಎಲ್ಲ ಪದರಗಳಿಗೂ ಸೇರಿಸಿ ಹೊಲಿಯುತ್ತ ಹೋಗುತ್ತಾರೆ. ಒಂದು ತುಂಡು ಮುಗಿಯುವ ಹೊತ್ತಿಗೆ ಮುಂದಿನದನ್ನು ಅದರ ಪಕ್ಕಕ್ಕೆ ಸಿಕ್ಕಿಸುತ್ತಾರೆ. ತೇಪೆ ಹಚ್ಚುವುದು, ಪದರ ಕೂಡಿಸುವುದು, ಎರಡೂ ಒಂದೇ ಹೊಲಿಗೆಯಲ್ಲಿ. ಆದ್ದರಿಂದ ನಿಮಗೆ ದೊಡ್ಡ ನೆಲವೇ ಬೇಕಿಲ್ಲ. ಮೊದಲ ಸಲ ಹಾಸಿ ಕಚ್ಚಾ ಹೊಲಿಗೆ ಹಾಕುವುದಕ್ಕೆ ಮಾತ್ರ ಜಾಗ ಮಾಡಿಕೊಳ್ಳಿ. ಆಮೇಲೆ ಸುರುಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಹೊಲಿಯಬಹುದು.

ಇನ್ನೊಂದು ಮಾತು. ಅವರ ಕೌದಿಯ ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಹೂವು ಕೂರಿಸುತ್ತಾರೆ. ನಿಮ್ಮ ಖಣದ ಕುಪ್ಪಸಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ.

ಗುಳೇದಗುಡ್ಡದ ಗುಮಾಸ್ತ

ಎಲ್ಲರಿಗೂ ಋಣಿ. ಮಲ್ಲೇಶ್ವರದವರೇ, ಅವ್ವ ಬದುಕಿದ್ದಾಗ ಒಂದು ನಿಮಿಷ ಗೋಡೆಗೆ ಒರಗಿ ಕುಳಿತವಳಲ್ಲ, ಅವಳ ಸೆರಗನ್ನು ಗೋಡೆಗೆ ಹಾಕಲಾರೆ.

ಎರಡು ತಿಂಗಳಾಯಿತು, ವರದಿ ಒಪ್ಪಿಸುತ್ತಿದ್ದೇನೆ. ದಾಳಿಂಬೆಯದನ್ನು ಮೊದಲು ಹರಿದೆ. ಎರಡನೆಯ ಸಲ ಎದೆ ಝಲ್ ಎನ್ನುವುದಿಲ್ಲ ಎಂದಿರಿ, ನನಗೆ ಐದನೆಯ ಸಲದವರೆಗೂ ಎಂದಿತು.

ಸೋಫಾವನ್ನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಲ್ಲಿಸಿ ನೆಲ ಖಾಲಿ ಮಾಡಿದೆವು. ಅಂದು ಊಟ ಹೊರಗಿನಿಂದ ಬಂತು. ನಾಲ್ಕು ಪದರ ಹಾಸಿ, ಮೂಲೆಗಳಿಗೆ ಅಕ್ಕಿಯ ಡಬ್ಬಿಗಳನ್ನು ಹೇರಿ, ಎಳೆದು ಎಳೆದು ಬಿಗಿ ಮಾಡಿ ಕಚ್ಚಾ ಹೊಲಿಗೆ ಮುಗಿಸುವಾಗ ರಾತ್ರಿ ಹನ್ನೊಂದು. ಕೆಳಗಿನ ಮನೆಯವರು ‘ಏನೋ ಎಳೆದಾಡುವ ಸದ್ದು ಬರುತ್ತಿದೆ’ ಎಂದು ಬಂದವರು ನಿಂತು ನೋಡಿ, ತಮ್ಮ ತಾಯಿಯ ಸೀರೆಗಳೂ ಇವೆ ಎಂದರು. ಇನ್ನೊಬ್ಬರ ಕೌದಿಯ ಗುತ್ತಿಗೆಯನ್ನು ನಾನು ಹಿಡಿಯಲಾರೆ ಎಂದು ಹೇಳಿ ಕಳುಹಿಸಿದೆ.

ಲೆಕ್ಕ ಹಾಕದಿದ್ದರೆ ನನಗೆ ನಿದ್ರೆ ಬಾರದು. ಎರಡು ಸೆಂಟಿಮೀಟರಿಗೆ ಒಂದು ಸಾಲು ಎಂದರೆ 75 ಸಾಲು, ಸಾಲಿಗೆ 2.1 ಮೀಟರು, ಒಟ್ಟು 157 ಮೀಟರು ಹೊಲಿಗೆ. ಜೋಡಿ ದಾರ, ಅದರ ಏರಿಳಿತ ಎಲ್ಲ ಸೇರಿ 400 ಮೀಟರು ಬೇಕೆಂದು ತಂದೆ. ನನ್ನ ಕೈಗೆ ಒಂದು ಸಾಲಿನಷ್ಟು ಉದ್ದಕ್ಕೆ 35 ನಿಮಿಷ ಹಿಡಿಯುತ್ತದೆ. ಅಂದರೆ ಇಡೀ ಕೌದಿಗೆ 44 ಗಂಟೆ. ಈ ಲೆಕ್ಕವನ್ನು ಹೆಂಡತಿಗೆ ಹೇಳಿದೆ. ‘ಬಿಚ್ಚುವುದಕ್ಕೆ ಎಷ್ಟು?’ ಎಂದು ಕೇಳಿದಳು. ನಾನು ಕಾರ್ಖಾನೆಗೆ ಹೋದಾಗ ಅವಳು ನನ್ನ ಸೊಟ್ಟ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕುತ್ತಾಳೆ. ನನಗೆ ಗೊತ್ತಿಲ್ಲವೆಂದುಕೊಂಡಿದ್ದಾಳೆ. ಅವಳ ಹೊಲಿಗೆ ಸಾಸಿವೆಯಷ್ಟು, ನನ್ನದು ಜೋಳದಷ್ಟು.

ಅಂಚಿನಿಂದಲೇ ಶುರು ಮಾಡಿದೆ (ದರ್ಜಿಗಳು ಮನ್ನಿಸಬೇಕು). ಈಗ ಮೂರನೆಯ ಒಂದು ಭಾಗ ಆಗಿದೆ. ಎರಡು ಮೂಲೆಗಳಲ್ಲಿ ಖಣದ ಹೂವು ಕುಳಿತಿದೆ.

ಈಗ ಹೊಸ ತೊಡಕು. ನಡುವೆ ಇಡಲೆಂದು ತೆಗೆದಿಟ್ಟ ಸೆರಗಿನ ಒಂದು ಮೂಲೆ ಸವೆದು ತೂತಾಗಿದೆ. ಉಳಿದ ಸೀರೆಗಳನ್ನು ತೆರೆದು ನೋಡಿದೆ. ಎಲ್ಲದರಲ್ಲೂ ಅದೇ ಮೂಲೆ, ಅದೇ ತೂತು. ಅವ್ವ ಸಂತೆಯ ಚಿಲ್ಲರೆಯನ್ನು ಅಲ್ಲಿ ಗಂಟು ಹಾಕಿಕೊಂಡು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಇದನ್ನು ಮುಚ್ಚಲೇ, ಹಾಗೆಯೇ ಬಿಡಲೇ? ಮುಚ್ಚಿದರೆ ಮುಚ್ಚಿದಂತೆ ಕಾಣುತ್ತದೆ. ಬಿಟ್ಟರೆ ಒಂದು ಒಗೆತಕ್ಕೆ ಅಂಗೈಯಗಲ ಆಗುತ್ತದೆ.

ಮುರಗಿ ಗಾವಂಟಿ

ಮೇಲಿನಿಂದ ಮುಚ್ಚಬೇಡಿ. ಖಣದ ತುಂಡೊಂದನ್ನು ತೂತಿನ ಅಡಿಗೆ ಕೊಡಿ. ತೂತಿನ ಅಂಚನ್ನು ಒಳಕ್ಕೆ ಮಡಚಲು ಹೋಗಬೇಡಿ, ರೇಷ್ಮೆ ತಡೆಯುವುದಿಲ್ಲ. ಹೇಗಿದೆಯೋ ಹಾಗೆಯೇ ಚಪ್ಪಟೆಯಾಗಿ ಮಲಗಿಸಿ, ಅದರ ಸುತ್ತ ಒತ್ತೊತ್ತಾಗಿ ಎರಡು ಸುತ್ತು ಹೊಲಿಯಿರಿ. ತೂತು ತೂತಾಗಿಯೇ ಕಾಣುತ್ತದೆ, ಒಳಗಿನಿಂದ ಖಣದ ಬಣ್ಣ ಇಣುಕುತ್ತದೆ, ಒಗೆದರೂ ದೊಡ್ಡದಾಗುವುದಿಲ್ಲ.

ಕಬ್ಬನ್‌ಪೇಟೆ ದರ್ಜಿ

ಇದನ್ನು ನಾನೂ ಒಪ್ಪುತ್ತೇನೆ. ಆದರೆ ಅಲ್ಲಿಗೆ ಜೋಡಿ ದಾರ ಬೇಡ, ಒಂಟಿ ಎಳೆ, ಸಣ್ಣ ಸೂಜಿ. ಆ ಎರಡು ಸುತ್ತನ್ನು ನಿಮ್ಮ ಮನೆಯವರ ಕೈಯಿಂದ ಹಾಕಿಸಿ. ಜೋಳ ಅಲ್ಲಿ ಹಿಡಿಯುವುದಿಲ್ಲ.

ಮುಗಿದ ಕೌದಿಯನ್ನು ಮೊದಲ ಸಲ ಒಗೆಯುವಾಗ ಮನೆಯ ವಾಷಿಂಗ್ ಮಷಿನ್ನಿಗೆ ಹಾಕಬೇಡಿ. ನೀರು ಕುಡಿದ ನಾಲ್ಕು ಪದರದ ಭಾರಕ್ಕೆ ಹೊಲಿಗೆ ಎಳೆದುಕೊಳ್ಳುತ್ತದೆ. ಮಳೆ ಮುಗಿಯುವವರೆಗೆ ಒಗೆಯಲೂ ಬೇಡಿ, ಒಳಪದರ ಒಣಗದೆ ಬೂಸ್ಟು ಹಿಡಿಯುತ್ತದೆ. ಡಿಸೆಂಬರಿನ ಬಿಸಿಲಿಗೆ ತಾರಸಿಯ ಮೇಲೆ ಎರಡು ದಿನ ಹಾಕಿ. ಹಿಂಡುವುದಕ್ಕೆ ಇಬ್ಬರು ಬೇಕು.

ಗುಳೇದಗುಡ್ಡದ ಗುಮಾಸ್ತ

ಹಿಂಡಲು ಮಗ ಇದ್ದಾನೆ. ಅವನಿಗೆ ಇನ್ನೂ ಹೇಳಿಲ್ಲ.