ಟಾರ್ಕ್ ಕನ್ವರ್ಟರ್ ಸರಿಯಾಗಿ ಕೂತಿಲ್ಲ, ಗೇರ್‌ಬಾಕ್ಸ್ ಹೋಯ್ತಾ?

ಪ್ರಶ್ನೆ (ಮೂಡಿಗೆರೆಯ ಸದಸ್ಯರು): ಅಣ್ಣಾ, ನಮ್ಮದು ಹಳೇ ಡೀಸೆಲ್ ಆಟೋಮ್ಯಾಟಿಕ್, ಹಿಂದಿನ ಚಕ್ರಕ್ಕೆ ಡ್ರೈವ್. ಇಂಜಿನ್ ಹಿಂದಿನ ಆಯಿಲ್ ಸೀಲ್ ಸೋರುತ್ತಿತ್ತು. ಇಲ್ಲೇ ಗೇರ್‌ಬಾಕ್ಸ್ ಇಳಿಸಿ ಸೀಲ್ ಹಾಕಿಸಿದೆ. ವಾಪಸ್ ಏರಿಸುವಾಗ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಬೆರಳು ತೂರುವಷ್ಟು ಸಂದು ಉಳಿಯಿತು. ಹುಡುಗರು ಬೋಲ್ಟ್ ಬಿಗಿ ಮಾಡುತ್ತಾ ಎಳೆದು ಕೂರಿಸಿಬಿಟ್ಟರು. ಈಗ ಸ್ಟಾರ್ಟ್ ಆಗುತ್ತೆ, ಕುಂಯ್ ಅಂತ ಸದ್ದು. ಡಿ ಹಾಕಿದರೂ ಆರ್ ಹಾಕಿದರೂ ಅಲ್ಲಾಡಲ್ಲ. ಗೇರ್‌ಬಾಕ್ಸ್ ಆಯಿಲ್ ಕಮ್ಮಿ ಇರಬೇಕು, ಹಾಕಿ ಸ್ವಲ್ಪ ಹೊತ್ತು ಆನ್ ಇಡೋಣ ಅಂತಾರೆ. ಇಡಲಾ?

ಉತ್ತರ (ಗೇರ್‌ಬಾಕ್ಸ್ ಮೆಕ್ಯಾನಿಕ್, ಹಾಸನ): ಬೇಡ, ಇನ್ನು ಸ್ಟಾರ್ಟ್ ಮಾಡಲೇಬೇಡಿ.

ಆಯಿಲ್ ಕಮ್ಮಿ ಇದ್ದರೂ ಗಾಡಿ ಹೀಗೇ ಆಡುತ್ತೆ, ಅದು ನಿಜ. ಆದರೆ ನೀವು ಸಂದು ಕಣ್ಣಾರೆ ನೋಡಿದ್ದೀರಿ. ಟಾರ್ಕ್ ಕನ್ವರ್ಟರ್ ಅಂದರೆ ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಡಬ್ಬ. ಅದು ಒಳಗೆ ಹೋಗುವಾಗ ಎರಡು ಸ್ಪ್ಲೈನ್ (ಶಾಫ್ಟಿನ ಉದ್ದುದ್ದ ಹಲ್ಲು) ಕೂಡಬೇಕು. ಆಮೇಲೆ ಅದರ ಕತ್ತಿನ ಕಚ್ಚು ಆಯಿಲ್ ಪಂಪಿನ ಗೇರಿಗೆ ಕೂತುಕೊಳ್ಳಬೇಕು. ತಿರುಗಿಸುತ್ತಾ ತಳ್ಳಿದರೆ ಪ್ರತಿ ಸಲ ಟಕ್ ಅಂತ ಒಳಗೆ ಇಳಿಯೋದು ಕೈಗೇ ಗೊತ್ತಾಗುತ್ತೆ. ಕೊನೆಯದು ಕೂರದೆ ಬೋಲ್ಟ್ ಎಳೆದರೆ ಅಷ್ಟೂ ಒತ್ತಡ ಪಂಪಿನ ಮೇಲೆ ಬೀಳುತ್ತೆ. ಗೇರ್ ಸೀಳುತ್ತೆ, ಇಲ್ಲ ಪಂಪಿನ ಬಾಡಿ ಬಿರಿಯುತ್ತೆ. ಕನ್ವರ್ಟರನ್ನು ಇಂಜಿನ್ನಿಗೆ ಜೋಡಿಸೋ ತೆಳು ತಟ್ಟೆ, ಫ್ಲೆಕ್ಸ್ ಪ್ಲೇಟ್, ಬಾಗಲೂಬಹುದು. ಪಂಪ್ ಇಲ್ಲದೆ ಪ್ರೆಶರ್ ಇಲ್ಲ, ಪ್ರೆಶರ್ ಇಲ್ಲದೆ ಗಾಡಿ ಅಲ್ಲಾಡಲ್ಲ.

ಕೆಳಗಿನ ಕವರ್ ತೆಗೆದು ಕನ್ವರ್ಟರ್ ಬೋಲ್ಟ್ ಬಿಚ್ಚಿಸಿ. ಇಂಜಿನ್ ತಿರುಗಿಸಲು ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ, ಸೆಲ್ಫ್ ಹೊಡೆಯಬೇಡಿ. ಸರಿ ಕೂತ ಕನ್ವರ್ಟರ್ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಹಿಂದಕ್ಕೆ ಸರಿಯುತ್ತೆ, ಕೈಯಲ್ಲೇ ತಿರುಗುತ್ತೆ. ಫ್ಲೆಕ್ಸ್ ಪ್ಲೇಟಿಗೆ ಅಂಟಿಕೊಂಡೇ ಇದ್ದರೆ ಕೂತಿಲ್ಲ ಅಂತಲೇ. ಆದರೆ ಹಿಂದಕ್ಕೆ ಸರಿಯಿತು ಅಂತ ಖುಷಿಪಡಬೇಡಿ. ಗೇರ್ ಆಗಲೇ ಮುರಿದಿದ್ದರೂ ಸರಿಯಬಹುದು.

ಆಮೇಲೆ ಆಯಿಲ್ ಪ್ಯಾನ್ ಇಳಿಸಿ ಮ್ಯಾಗ್ನೆಟ್ ನೋಡಿ. ಬೂದಿ ಬಣ್ಣದ ನುಣ್ಣನೆ ಕೆಸರು ಹಳೇ ಗಾಡಿಯಲ್ಲಿ ಇದ್ದೇ ಇರುತ್ತೆ. ಹೊಳೆಯೋ ಚೂರು ಇದ್ದರೆ ಕೆಟ್ಟ ಸುದ್ದಿ. ಅಲ್ಯೂಮಿನಿಯಂ ಮ್ಯಾಗ್ನೆಟ್ಟಿಗೆ ಹಿಡಿಯಲ್ಲ, ಪ್ಯಾನಿನ ತಳವನ್ನೂ ಬೆರಳಲ್ಲಿ ಸವರಿ ನೋಡಿ. ಪ್ಯಾನ್ ಏನೇ ಹೇಳಲಿ, ಗೇರ್‌ಬಾಕ್ಸ್ ಅಂತೂ ಇಳಿಸಲೇಬೇಕು.

ಮೂಡಿಗೆರೆ: ಹಾಸನಕ್ಕೆ ಹಗ್ಗ ಕಟ್ಟಿ ಎಳೆದು ತರಬಹುದಾ?

ಮೆಕ್ಯಾನಿಕ್: ದಯವಿಟ್ಟು ಬೇಡ. ಚಕ್ರ ತಿರುಗಿದರೆ ಗೇರ್‌ಬಾಕ್ಸ್ ಒಳಗೂ ತಿರುಗುತ್ತೆ, ಆಯಿಲ್ ಹರಿಯಲ್ಲ. ಪೂರ್ತಿ ಗಾಡಿ ಲಾರಿ ಮೇಲೆ ಹತ್ತಿಸಿ ತನ್ನಿ.

ಮತ್ತೊಬ್ಬ ಸದಸ್ಯರು: ಸಾರ್, ನನ್ನದು ಎಎಂಟಿ ಕಾರು, ಮಾಮೂಲಿ ಗೇರನ್ನೇ ಯಂತ್ರ ಬದಲಿಸೋದು. ಕ್ಲಚ್ ಕೆಲಸ ಇದೆ. ನಾನೂ ಇದನ್ನು ನೋಡಬೇಕಾ?

ಮೆಕ್ಯಾನಿಕ್: ನಿಮ್ಮದರಲ್ಲಿ ಕನ್ವರ್ಟರೇ ಇಲ್ಲ. ಮಾಮೂಲಿ ಕ್ಲಚ್, ಒತ್ತೋದು ಮಾತ್ರ ಯಂತ್ರ. ಸುಮ್ನೆ ತಲೆ ಕೆಡಿಸ್ಕೋಬೇಡಿ.

ಮೂಡಿಗೆರೆ: ಇಳಿಸಿದ್ವಿ ಅಣ್ಣಾ. ಪಂಪಿನ ಒಳಗಿನ ಗೇರ್ ಎರಡು ಹೋಳು. ಪ್ಯಾನಲ್ಲಿ ಚೂರೂ ಇದೆ. ಪಂಪ್ ಒಂದೇ ಹಾಕಿಸಿದರೆ ಸಾಕಾ?

ಮೆಕ್ಯಾನಿಕ್: ಚೂರು ಇದೆ ಅಂದಮೇಲೆ ಸಾಲಲ್ಲ. ವಾಲ್ವ್ ಬಾಡಿ (ಆಯಿಲನ್ನು ಬೇಕಾದ ಕಡೆ ಹರಿಸೋ ಭಾಗ) ಬಿಚ್ಚಿ ತೊಳೀಬೇಕು, ಫಿಲ್ಟರ್ ಹೊಸದು, ಕೂಲರ್ ಪೈಪ್ ಫ್ಲಶ್. ಕನ್ವರ್ಟರ್ ಬೆಸುಗೆ ಹಾಕಿದ ಡಬ್ಬ, ಒಳಗೆ ಸೇರಿದ ಚೂರು ಸುಲಭಕ್ಕೆ ಬರಲ್ಲ. ಕತ್ತಿಗೆ ಗೀರು ಬಿದ್ದಿದ್ದರಂತೂ ಹೊಸ ಸೀಲನ್ನೂ ತಿನ್ನುತ್ತೆ. ಕನ್ವರ್ಟರನ್ನೂ ಬದಲಾಯಿಸಿ, ಖರ್ಚು ಜಾಸ್ತಿಯೇ. ಏರಿಸುವಾಗ ನೀವೇ ಪಕ್ಕದಲ್ಲಿ ನಿಂತಿರಿ. ಗೇರ್‌ಬಾಕ್ಸ್ ಬೋಲ್ಟ್ ಇಲ್ಲದೆ, ಕೈಯಲ್ಲಿ ತಳ್ಳಿದರೇ ಇಂಜಿನ್ನಿಗೆ ಪೂರ್ತಿ ಕೂಡಬೇಕು. ಕೂದಲಷ್ಟು ಸಂದು ಉಳಿದರೂ ಸ್ಪ್ಯಾನರ್ ಕೆಳಗೆ ಇಡಿಸಿ, ಮತ್ತೆ ಹಿಂದಕ್ಕೆ ತೆಗೆಸಿ.