‘ಮಲೆಗಳಲ್ಲಿ ಮದುಮಗಳು’ 60ನೇ ಪುಟಕ್ಕೇ ನಿಂತಿದೆ, ತಪ್ಪು ನನ್ನದಾ ಪುಸ್ತಕದ್ದಾ?

ಬಯಲುಸೀಮೆಯವನು:
ಕುವೆಂಪು ಅವರ ಈ ಕಾದಂಬರಿಗೆ ಮೂರನೇ ಸಲ ಸೋತಿದ್ದೇನೆ. ಗುತ್ತಿ, ಅವನ ನಾಯಿ ಹುಲಿಯ, ಕಾಡು, ಮತ್ತೆ ಕಾಡು, ಅಷ್ಟರಲ್ಲಿ ಒಂದಷ್ಟು ಮನೆ, ಒಂದಷ್ಟು ಹೆಗ್ಗಡೆಗಳು, ಯಾರಿಗೆ ಯಾರು ಏನಾಗಬೇಕು ಅಂತ ತಿಳಿಯುವ ಮೊದಲೇ ನಿದ್ದೆ. ನಾನು ಓದದವನೇನಲ್ಲ. ತೇಜಸ್ವಿಯವರ ‘ಕರ್ವಾಲೊ’ ಒಂದೇ ಭಾನುವಾರ ಮುಗಿಸಿದ್ದೆ. ಅದೂ 1980ರದ್ದು, ಅದೂ ಕಾಡಿನದ್ದೇ. ಅಪ್ಪನನ್ನು ಕೇಳಿದರೆ ‘ಇದನ್ನು ಓದದಿದ್ದರೆ ಕನ್ನಡ ಓದಿದ ಹಾಗಲ್ಲ’ ಅನ್ನುತ್ತಾರೆ. ಆದರೆ ಅವರ ಪ್ರತಿಯಲ್ಲಿ ಗುರುತಿಗೆ ಇಟ್ಟ ಬಸ್ ಟಿಕೆಟ್ ಇರುವುದು 90ನೇ ಪುಟದಲ್ಲಿ! ನಿಜ ಹೇಳಿ, ಈ ಹಳೆ ದೊಡ್ಡ ಕಾದಂಬರಿಗಳು ಈಗಲೂ ಹಿಡಿಸುತ್ತವಾ, ಅಥವಾ ಎಲ್ಲರೂ ಸುಮ್ನೆ ಹೊಗಳುತ್ತಿದ್ದೇವಾ?

ತುಂಗೆ ದಡ:
ನಮ್ಮದು ತೀರ್ಥಹಳ್ಳಿ ಕಡೆ, ಕುವೆಂಪು ಅವರ ಊರಿನ ಕಡೆಯೇ, ಹಾಗಾಗಿ ನನ್ನ ಮಾತಿಗೆ ಸ್ವಲ್ಪ ರಿಯಾಯಿತಿ ಕೊಡಿ. ನೀವು ನಾಯಕನನ್ನು ಹುಡುಕುತ್ತಿದ್ದೀರಿ, ಅಲ್ವಾ? ಇಲ್ಲಿ ಯಾರೂ ಮುಖ್ಯರಲ್ಲ ಅಂತ ಕುವೆಂಪು ಕಥೆಗೆ ಮೊದಲೇ ಹೇಳಿಬಿಟ್ಟಿದ್ದಾರೆ. ಸಂಬಂಧಗಳನ್ನೆಲ್ಲ ನೆನಪಿಟ್ಟುಕೊಳ್ಳುವ ಹಟ ಬಿಡಿ. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ, ಈ ಮೂರು ಜೋಡಿ ಹಿಡಿದುಕೊಂಡರೆ ಉಳಿದವರು ತಾವಾಗೇ ಬರುತ್ತಾರೆ. ಮಾತುಗಳನ್ನು ಜೋರಾಗಿ ಓದಿ ನೋಡಿ, ಕಣ್ಣಿಗೆ ಕಷ್ಟವಾದ ಮಲೆನಾಡಿನ ಭಾಷೆ ಕಿವಿಗೆ ಆಗುವುದಿಲ್ಲ. 2010ರಲ್ಲಿ ಮೈಸೂರು ರಂಗಾಯಣದವರು ಇದನ್ನೇ ರಾತ್ರಿಯಿಡೀ ಆಡುವ ನಾಟಕ ಮಾಡಿದರು, ಸುಮಾರು ಒಂಬತ್ತು ಗಂಟೆ. ಜನ ಕಂಬಳಿ ಹೊದ್ದು ಬೆಳಗಿನವರೆಗೆ ಕೂತು ನೋಡಿದರು. ಹುಲಿಯನ ಕಥೆ ಮಾತ್ರ ನಾನು ಹೇಳುವುದಿಲ್ಲ. ಕೊನೆಯವರೆಗೂ ಓದಿ.

ಕಡ್ಲೆಕಾಯಿ:
ನಾನು ಒಪ್ಪುವುದಿಲ್ಲ. ಹಿಡಿಸದಿದ್ದರೆ ಬಿಡಿ, ಪರೀಕ್ಷೆಯೇನಲ್ಲ. ಹಳೆಯದೆಲ್ಲ ಒಂದೇ ತರ ಉಳಿಯುವುದೂ ಇಲ್ಲ. ಕಾರಂತರ ‘ಚೋಮನ ದುಡಿ’ (1933) ಕಾಲೇಜಿನಲ್ಲಿ ಓದಿ ಅತ್ತಿದ್ದೆ. ದಲಿತ ಚೋಮನಿಗೆ ಎತ್ತು ಇದೆ, ಉಳಲು ಭೂಮಿ ಇಲ್ಲ, ಅಷ್ಟು ಸಾಕಿತ್ತು. ಆಮೇಲೆ ದೇವನೂರ ಮಹಾದೇವರ ‘ಒಡಲಾಳ’ ಓದಿದೆ. ಅದರಲ್ಲಿ ಸಾಕವ್ವನ ಮನೆಯವರೆಲ್ಲ ರಾತ್ರಿ ಕೂತು ಕದ್ದು ತಂದ ಕಡ್ಲೆಕಾಯಿ ತಿನ್ನುತ್ತಾರಲ್ಲ, ಸಿಪ್ಪೆಯ ಸುಳಿವೂ ಉಳಿಯದ ಹಾಗೆ, ಅದನ್ನು ಓದುವಾಗ ನಗು, ಹೊಟ್ಟೆಹಸಿವು, ಹೆದರಿಕೆ ಎಲ್ಲ ಒಟ್ಟಿಗೇ ಬಂತು. ಮತ್ತೆ ಚೋಮನ ಹತ್ತಿರ ಹೋದರೆ ಅವನ ಮನೆಯಲ್ಲಿ ಸಂಕಟವೇ ಜಾಸ್ತಿ, ನಗು ಕಡಿಮೆ ಅನ್ನಿಸಿತು. ದೂರದಿಂದ ನೋಡಿ ಮರುಗಿದವರ ಬರಹ. ಕೆಟ್ಟ ಪುಸ್ತಕ ಅನ್ನುತ್ತಿಲ್ಲ. ಆದರೆ ಈಗ ನನಗೆ ಅದೊಂದೇ ಸಾಲುವುದಿಲ್ಲ.

ಕಡಲಾಚೆ:
ಚೋಮನ ಬಗ್ಗೆ ಜಗಳವಿಲ್ಲ, ಆದರೆ ಅದೇ ಕಾರಂತರ ‘ಮರಳಿ ಮಣ್ಣಿಗೆ’ (1941) ನೋಡಿ. ನಾನು ಊರು ಬಿಟ್ಟು ಹದಿನೈದು ವರ್ಷವಾಯಿತು. ಮಗನನ್ನು ಇಂಗ್ಲಿಷ್ ಕಲಿಯಲು ಕಳಿಸಿ ಅವನು ಕೈತಪ್ಪುವುದು, ಮನೆಯಲ್ಲಿ ಹೆಂಗಸರೇ ಗದ್ದೆ, ಕೊಟ್ಟಿಗೆ ಎಲ್ಲ ಹೊತ್ತು ನಿಲ್ಲುವುದು, ಇದೆಲ್ಲ ನಮ್ಮ ಮನೆ ಕಥೆಯೇ. ವಾರದ ಫೋನಿನಲ್ಲಿ ಅತ್ತೆ ಮಾತಾಡುವಾಗ ನನಗೆ ಆ ಕಾದಂಬರಿಯ ಸರಸೋತಿಯೇ ನೆನಪಾಗುತ್ತಾಳೆ. ಪ್ರಶ್ನೆ ಕೇಳಿದವರಿಗೆ: ದಪ್ಪ ಪುಸ್ತಕದ ಭಯವಿದ್ದರೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ತೆಗೆದುಕೊಳ್ಳಿ. ಚಿಕ್ಕದು. ಬಾಲವಿಧವೆಯ ಕಥೆ ಅಂದಕೂಡಲೇ ಗೋಳು ಅಂದುಕೊಳ್ಳಬೇಡಿ. ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿದ ಹುಡುಗಿಯ ಪರ ಮುದುಕಿಯಾದ ಫಣಿಯಮ್ಮ ಎಷ್ಟು ಮೆಲ್ಲಗೆ, ಎಷ್ಟು ಗಟ್ಟಿಯಾಗಿ ನಿಲ್ಲುತ್ತಾಳೆ ಅಂತ ನೋಡಿ.

ಬಯಲುಸೀಮೆಯವನು:
‘ಫಣಿಯಮ್ಮ’ ಆರ್ಡರ್ ಮಾಡಿದೆ. ‘ಒಡಲಾಳ’ ಕೂಡ. ನಿನ್ನೆ ರಾತ್ರಿ ಮದುಮಗಳನ್ನು ಜೋರಾಗಿ ಓದಿದೆ, ಹದಿನಾಲ್ಕು ಪುಟ ಹೋಯಿತು. ಪಕ್ಕದ ಕೋಣೆಯಿಂದ ಅಪ್ಪ ಎದ್ದು ಬಂದು ಟಿವಿ ಆರಿಸಿ ಕೂತರು. 90 ದಾಟಿದ ಮೇಲೆ ಅವರಿಗೂ ಹೊಸದೇ. ಹುಲಿಯನಿಗೆ ಏನಾಗುತ್ತದೆ ಅಂತ ಈಗಲೇ ಕೇಳುತ್ತಿದ್ದಾರೆ, ದಯವಿಟ್ಟು ಯಾರೂ ಇಲ್ಲಿ ಬರೆಯಬೇಡಿ.